ಮತ್ತಣ್ಣನ ಒಂದು ‘ಅಥವಾ’

ಮಾತಿನ ನಡುವೆ ‘ಮತ್ತು’ ಎಂಬ ಪದವನ್ನು ಬಳಸುವವರನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಬರವಣಿಗೆಯಲ್ಲಿ ಅದು ಎಲ್ಲರ ಸ್ವತ್ತು; ಬಾಯಲ್ಲಿ ಮಾತ್ರ ನಾವೆಲ್ಲ ಅದೂ ಇದೂ ಎಂದು ಎರಡು ದೀರ್ಘ ಎಳೆದು ಕೆಲಸ ಮುಗಿಸುತ್ತೇವೆ. ನಮ್ಮ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದ ಹಿರಿಯ ಗುಮಾಸ್ತರು ಹಾಗಲ್ಲ. ಕಿಟಕಿಯ ಈಚೆ ನಿಂತ ವಿದ್ಯಾರ್ಥಿ, ಓದಬೇಕಾದದ್ದನ್ನೆಲ್ಲ ಓದಿ ಮುಗಿಸಿದ ಠೀವಿಯಲ್ಲಿ, “ಇಷ್ಟೇ ತಾನೇ ಸಾರ್?” ಎಂದರೆ, ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯ ಮೇಲೆ ಬೆರಳೂರಿ, “ಮತ್ತು...” ಎಂದು ನಿಲ್ಲಿಸುತ್ತಿದ್ದರು. ಮುಂದೆ ಏನು ಬರುವುದೋ ಎಂದು ನಾವು ಆ ಬೆರಳನ್ನೇ ನೋಡುತ್ತಿದ್ದೆವು. ಹೀಗೆ ಅವರಿಗೆ ‘ಮತ್ತಣ್ಣ’ ಎಂಬ ಹೆಸರು ಅಂಟಿತು. ಮತ್ತು ಎಂದರೆ ಅಮಲು ಎಂಬ ಅರ್ಥವೂ ಇರುವುದರಿಂದ, ಕಾಫಿಯ ಚಟವೂ ಇಲ್ಲದ ಆ ಮನುಷ್ಯ ಕುಡಿಯುತ್ತಾರೆಂದು ಹೊಸಬರು ಕೆಲಕಾಲ ನಂಬಿಕೊಂಡಿರುತ್ತಿದ್ದರು.

ನಮ್ಮದು ಎಲ್ಲವನ್ನೂ ಅಷ್ಟಷ್ಟು ಕಲಿಸಿ ಒಂದನ್ನು ಆಳವಾಗಿ ಕಲಿಸುವ ಬಗೆಯ ವಿಶ್ವವಿದ್ಯಾಲಯ. ಅರ್ಥಶಾಸ್ತ್ರಕ್ಕೆಂದು ಬಂದವರು ಬೇಡಿಕೆ, ಪೂರೈಕೆ ಎಂದು ಎರಡು ಗೆರೆ ಎಳೆದು ಮನೆಗೆ ಹೋಗುವಂತಿರಲಿಲ್ಲ. ಸಾಹಿತ್ಯ, ಇತಿಹಾಸ, ಪ್ರಯೋಗಾಲಯವಿರುವ ಒಂದು ವಿಜ್ಞಾನ, ಒಂದು ಪರಭಾಷೆ, ಕೈಗೆ ಬಣ್ಣವನ್ನೋ ಮಣ್ಣನ್ನೋ ಮೆತ್ತುವ ಒಂದು ಕಲೆ, ಇವನ್ನೆಲ್ಲ ದಾಟಿದ ಮೇಲಷ್ಟೇ ಪದವಿ. ಈ ಷರತ್ತುಗಳ ಕಾವಲುಗಾರ ಮತ್ತಣ್ಣ. ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಹಾಳೆ. ತರಗತಿಗೆ ಸೇರಿದಾಗ ಪೆನ್ಸಿಲಿನ ಗುರುತು, ತೇರ್ಗಡೆಯಾದ ಮೇಲೆ ಅದರ ಮೇಲೆಯೇ ಶಾಯಿ. ಫಲಿತಾಂಶವನ್ನು ಗೋಡೆಗೆ ಅಂಟಿಸಿದ್ದರೂ ಸರಿ, ಪ್ರಾಧ್ಯಾಪಕರು ಖುದ್ದಾಗಿ ಬಂದು ಹೇಳಿದರೂ ಸರಿ, ಸಹಿಯಾದ ಕಾಗದ ಕೈಸೇರುವತನಕ ಅವರು ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಬೂದಿಬಣ್ಣದ ಕೋಟಿನ ಬಲಜೇಬು ಮೊಂಡು ಪೆನ್ಸಿಲುಗಳ ಭಾರಕ್ಕೆ ಜೋತಿತ್ತು. ಎಡತೋಳು ಮೂವತ್ತು ವರ್ಷ ಕಿಟಕಿಕಟ್ಟೆಗೆ ಒರಗಿ ಒರಗಿ ಮೊಣಕೈಯ ಬಳಿ ಹೊಳೆಯುತ್ತಿತ್ತು. ನಡಿಗೆಯೂ ಹಾಗೆಯೇ: ಪ್ರತಿ ಬಾಗಿಲ ಮುಂದೆ ಅರೆಗಳಿಗೆ ನಿಂತು, ಒಳಹೋಗಲು ತಾನು ಅರ್ಹನೇ ಎಂದು ಖಾತ್ರಿ ಮಾಡಿಕೊಂಡವರಂತೆ ಹೆಜ್ಜೆ ಇಡುತ್ತಿದ್ದರು. ಹಿಂದೊಬ್ಬ ಮುಖ್ಯಸ್ಥರ ಸ್ವಂತ ಸೋದರಳಿಯನನ್ನೇ ಕುಂಬಾರಿಕೆಯ ಒಂದು ತರಗತಿಗಾಗಿ ಆರು ತಿಂಗಳು ತಡೆದು ನಿಲ್ಲಿಸಿದ್ದರಂತೆ. ಅವನು ಮಾಡಿದ ಓರೆ ಹೂಜಿ ಅವರ ಮೇಜಿನ ಮೇಲೆ ಪೆನ್ಸಿಲು ಹಾಕುವುದಕ್ಕೆ ಬಳಕೆಯಾಗುತ್ತಿತ್ತು.

ನನಗೂ ಗಣಿತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಕೈಪಿಡಿಯಲ್ಲಿ ‘ಕಲನಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರ’ ಎಂದಿದ್ದುದನ್ನು ಕಂಡು, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಜೊತೆಯವರು ಮೇಷ್ಟ್ರ ಮಾತು ಕೇಳಿ ಎರಡನ್ನೂ ಓದಿದರು. ನಾನು ಸಂಖ್ಯಾಶಾಸ್ತ್ರವನ್ನು ಹೇಗೋ ದಾಟಿ, ಆ ಅಥವಾದ ನೆರಳಿನಲ್ಲಿ ತಣ್ಣಗೆ ಕುಳಿತೆ. ಕೊನೆಯ ವರ್ಷದ ಕೊನೆಯ ಅವಧಿಯಲ್ಲಿ, ಹೊಸದಾಗಿ ಬಂದ ಮುಖ್ಯಸ್ಥರು ವಿದ್ವತ್ಸಭೆಯ ಹಳೆಯ ನಿರ್ಣಯವನ್ನು ತೆಗೆದು ನೋಡಿದರು. ಅಲ್ಲಿದ್ದದ್ದು ‘ಕಲನಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ’. ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್, ಎರಡು ಅವಧಿಗಳ ಪಾಠ, ನನಗೆ ಉಳಿದಿದ್ದದ್ದು ಒಂದೇ. ಎಂದರೆ ಇನ್ನೊಂದು ವರ್ಷ.

ಆ ವರ್ಷ ನನ್ನದಾಗಿರಲಿಲ್ಲ, ತಂಗಿಯದು. ಹೊಲಿಗೆಯ ಯಂತ್ರದ ಮುಂದೆ ಬೆನ್ನು ಬಾಗಿಸಿ ಕೂತ ಅಮ್ಮನಿಗೆ ಒಂದು ಸಲಕ್ಕೆ ಒಬ್ಬ ಮಗಳನ್ನು ಓದಿಸುವುದಷ್ಟೇ ಸಾಧ್ಯವಿತ್ತು. ನನ್ನ ಸರದಿ ಮುಗಿಯಲೆಂದು ತಂಗಿ ಔಷಧಿ ಅಂಗಡಿಯಲ್ಲಿ ನಿಂತು ಒಂದು ವರ್ಷ ಕಾದಿದ್ದಳು. ಅವಳಿಗೆ ಈಗ ಸಿಕ್ಕಿದ್ದ ಸೀಟನ್ನು ಮತ್ತೊಂದು ವರ್ಷ ಯಾರೂ ಕಾದಿರಿಸುತ್ತಿರಲಿಲ್ಲ. ವಿಷಯ ತಿಳಿದ ದಿನ ಅವಳು ನನ್ನನ್ನು ಬಯ್ಯಲಿಲ್ಲ. “ಹೋಗ್ಲಿ ಬಿಡಕ್ಕ, ನೀನೇನು ಬೇಕಂತ ಮಾಡಿದ್ದಾ?” ಎಂದಳು. ಬಯ್ದಿದ್ದರೆ ಚೆನ್ನಾಗಿತ್ತು.

ವಿನಾಯಿತಿ ಕೋರಿದ ನನ್ನ ಅರ್ಜಿಗಾಗಿ ಸಭೆ ಸೇರಿತು. ಐವರು ಪ್ರಾಧ್ಯಾಪಕರು, ಬಾಗಿಲ ಬಳಿಯ ಕುರ್ಚಿಯಲ್ಲಿ ನಾನು, ಮೂಲೆಯಲ್ಲಿ ನಡಾವಳಿ ಬರೆದುಕೊಳ್ಳುತ್ತ ಮತ್ತಣ್ಣ. ಮುಖ್ಯಸ್ಥರು ಕೈಪಿಡಿ ಮಡಿಸಿಟ್ಟು, “ಇದು ಮುದ್ರಾರಾಕ್ಷಸನ ಹಾವಳಿ. ಪ್ರೆಸ್ಸಿನವರ ತಪ್ಪಿಗೆ ನಾವು ನಿಯಮ ಬಿಟ್ಟುಕೊಡೋಕಾಗಲ್ಲ” ಎಂದರು. ಉಳಿದವರು ತಲೆಯಾಡಿಸಿದರು. ನನ್ನ ಕಣ್ಣೆದುರು ಔಷಧಿ ಅಂಗಡಿಯ ಗಾಜಿನ ಕಪಾಟು ಬಂದು ನಿಂತಿತು.

ಮತ್ತಣ್ಣ ಪೆನ್ಸಿಲು ಕೆಳಗಿಟ್ಟರು. ಎದ್ದುಹೋಗಿ ಬೀರುವಿನ ಬೀಗ ತೆಗೆದು, ಪ್ರೆಸ್ಸಿಗೆ ಕಳಿಸಿದ್ದ ಬೆರಳಚ್ಚಿನ ಮೂಲಪ್ರತಿಯನ್ನು ತಂದು ಮೇಜಿನ ಮೇಲೆ ಹರಡಿ, ಅಲ್ಲೂ ‘ಅಥವಾ’ ಎಂದೇ ಇದ್ದ ಸಾಲಿನ ಮೇಲೆ ಬೆರಳೂರಿದರು.

“ಪ್ರೆಸ್ಸಿನವರಲ್ಲ ಸಾರ್. ಆ ರಾಕ್ಷಸ ನಾನೇ.”

ಯಾರೂ ನಗಲಿಲ್ಲ. ಅವರು ಮುಂದುವರಿಸಿದರು: “ಟೈಪ್ ಮಾಡಿದ್ದು ನಾನು, ತಾಳೆ ನೋಡಿದ್ದು ನಾನು, ಕೆಳಗಿರೋ ಸಹಿನೂ ನಂದೇ. ಈ ಹುಡುಗಿ ಕಚೇರಿ ಹೇಳಿದ ಹಾಗೇ ಓದಿದಾಳೆ. ಮತ್ತು...” ಎಂದು ಎಂದಿನಂತೆ ನಿಲ್ಲಿಸಿ, “ತಪ್ಪು ಕಚೇರೀದಾದ್ರೆ ವರ್ಷ ಅವಳದ್ಯಾಕೆ ಹೋಗ್ಬೇಕು?” ಎಂದರು.

ಆ ಪ್ರತಿ ಅಲ್ಲಿರುವುದು ಅವರೊಬ್ಬರಿಗೇ ಗೊತ್ತಿತ್ತು. ನಿವೃತ್ತಿಗೆ ಉಳಿದದ್ದು ಐದು ತಿಂಗಳು. ಸುಮ್ಮನಿದ್ದಿದ್ದರೆ ಕೇಳುವವರಿರಲಿಲ್ಲ. ನನ್ನ ಪದವಿ ಉಳಿಯಿತು, ತಂಗಿಯ ಸೀಟು ಉಳಿಯಿತು. ಮೂವತ್ತು ವರ್ಷಗಳಲ್ಲಿ ಒಂದು ಚುಕ್ಕೆಯೂ ಇಲ್ಲದ ಅವರ ಸೇವಾಪುಸ್ತಕಕ್ಕೆ ಒಂದು ಲಿಖಿತ ಎಚ್ಚರಿಕೆ ಸೇರಿತು. ಅದಕ್ಕೆ ಕ್ರಮಸಂಖ್ಯೆ ಹಾಕಿ ಕಡತದಲ್ಲಿ ಸೇರಿಸಿದವರೂ ಅವರೇ.

ಮರುದಿನ ಕೃತಜ್ಞತೆ ಹೇಳಲೆಂದು ಕಿಟಕಿಯ ಬಳಿ ಹೋದೆ. ಅವರು ನನ್ನ ಹಾಳೆ ತೆಗೆದರು. “ಪದವಿ ಬರುತ್ತೆ. ಮತ್ತು... ಸೋಮವಾರದಿಂದ ಕ್ಯಾಲ್ಕುಲಸ್ ಕ್ಲಾಸು.”

“ಅದಿನ್ನು ಬೇಕಿಲ್ವಲ್ಲ ಸಾರ್?”

“ಪದವಿಗೆ ಬೇಕಿಲ್ಲಮ್ಮ. ಅರ್ಥಶಾಸ್ತ್ರಕ್ಕೆ ಬೇಕು.”

ಹಾಳೆಯ ಅಡಿಯಲ್ಲಿ ಕೈಬರಹದಲ್ಲೇ ಒಂದು ಸಾಲು ಸೇರಿಸಿ, ಪೆನ್ಸಿಲಿನ ಗುರುತು ಹಾಕಿದರು. ಹಿಂದಿನ ಬೆಂಚಿನಲ್ಲಿ ಕುಳಿತು ಅರ್ಧ ಕಲಿತೆ. ಉಳಿದರ್ಧವನ್ನು ಕೆಲಸಕ್ಕೆ ಸೇರಿದ ಮೇಲೆ, ಸಂಜೆಯ ತರಗತಿಗಳಲ್ಲಿ, ಎರಡು ಸಲ ಮುಗ್ಗರಿಸಿ, ಮುಗಿಸಿದೆ. ಸಹಿಯಾದ ಕಾಗದ ಹಿಡಿದು ಅವರ ಮನೆಗೆ ಹೋದಾಗ ತಂಗಿಯೂ ಜೊತೆಗಿದ್ದಳು, ಅವಳ ಓದೂ ಮುಗಿದಿತ್ತು. ಅವರು ಕಾಗದವನ್ನು ಎರಡು ಸಲ ಓದಿ, ಗೂಟಕ್ಕೆ ತೂಗುಹಾಕಿದ್ದ ಅದೇ ಕೋಟಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಕಾಗದದ ಮೂಲೆಯಲ್ಲಿ ಒಂದು ಶಾಯಿಯ ಗುರುತು ಹಾಕಿದರು. ನನಗೆ ಅಳು ಬಂತು. ಅವರು ಶಾಯಿ ಒಣಗುವುದನ್ನೇ ನೋಡುತ್ತಿದ್ದರು.

ಇಂಥವರು ಒಂದೊಂದು ಕಚೇರಿಯ ಕಿಟಕಿಯಾಚೆ ಒಬ್ಬೊಬ್ಬರು ಕುಳಿತಿರುತ್ತಾರೆ. ದಾರಿಗೆ ಅಡ್ಡ ಕೂತವರೆಂದು ನಾವು ಗೊಣಗುತ್ತೇವೆ, ಅಡ್ಡಹೆಸರಿಟ್ಟು ನಗುತ್ತೇವೆ. ಇತರರನ್ನು ಅಳೆಯುವ ಗಜಕಡ್ಡಿಯನ್ನು ತಮ್ಮ ಮೈಗೂ ಹಿಡಿದುಕೊಳ್ಳುವ ಗಳಿಗೆ ಬಂದಾಗಲೇ ಅವರ ನಿಜವಾದ ಎತ್ತರ ತಿಳಿಯುವುದು. ಆ ಗಳಿಗೆಯ ನಂತರವೂ ತಾವು ಉಪಕಾರ ಮಾಡಿದೆವೆಂದು ಅವರಿಗೆ ಅನ್ನಿಸುವುದಿಲ್ಲ, ಒಂದು ತಪ್ಪು ತಿದ್ದಿದೆವೆಂದಷ್ಟೇ ಅನ್ನಿಸುತ್ತದೆ. ಉಪಕಾರವೆಂದು ನೆನೆಯುವ ಕೆಲಸವನ್ನು ಅವರು ನಮಗೆ ಬಿಟ್ಟಿರುತ್ತಾರೆ.