ಕಲಿಯುವ ಕೈಗೆ ಒಂದು ಟ್ರಿಗರ್

ಬೈಲಹೊಂಗಲದಲ್ಲಿ ಹೊಲಿಗೆ ಮಷಿನ್ ಕೈಕೊಟ್ಟಿತೆಂದರೆ ಜನ ನೇರ ಬುರಾನಸಾಬರ ಅಂಗಡಿಗೆ ಬರುತ್ತಿದ್ದರು. ರಿಪೇರಿ ಮುಗಿದ ಮೇಲೆ ಅವರದೊಂದು ಪರೀಕ್ಷೆ ಇತ್ತು. ಅಂಚಿನವರೆಗೆ ತುಂಬಿದ ಚಹಾದ ಕಪ್ಪನ್ನು ಮಷಿನ್ನಿನ ಹಲಗೆಯ ಮೇಲಿಟ್ಟು ಪೆಡಲ್ ತುಳಿಯುತ್ತಿದ್ದರು. ಒಂದು ಹನಿ ತುಳುಕಿದರೂ ಮಷಿನ್ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ತುಳುಕದಿದ್ದರೆ ಆ ಚಹಾ ಗಿರಾಕಿಗೆ. ಬುರಾನಸಾಬರ ಕೈ ಬಿದ್ದ ಮಷಿನ್ ಬೆಣ್ಣೆಯ ಹಾಗೆ ಎಂದು ಸಂಪಗಾಂವದ ದರ್ಜಿಗಳೂ ಹೇಳುತ್ತಿದ್ದರು. ನಲವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ, ಬಿಗಿಯಾದದ್ದನ್ನು ಹಗುರ ಮಾಡುವುದು.

ಎರಡು ಸಾವಿರದ ಏಳರ ಜನವರಿಯ ಒಂದು ಗುರುವಾರ ಅವರ ಮೇಜಿನ ಮೇಲೆ ಹೊಲಿಗೆ ಮಷಿನ್ ಇರಲಿಲ್ಲ. ಬಣ್ಣದ ಗುಂಡು ಹಾರಿಸುವ ಆಟದ ಬಂದೂಕೊಂದು ಸ್ಕ್ರೂ, ಸ್ಪ್ರಿಂಗು ಎಲ್ಲ ಬಿಚ್ಚಿಕೊಂಡು ಹಳೆ ಪೇಪರಿನ ಮೇಲೆ ಮಲಗಿತ್ತು.

“ಬಂದೂಕ ಅನಬ್ಯಾಡ್ರಿ ಅಬ್ಬಾ, ಮಾರ್ಕರ್ ಅನ್ರಿ” ಎಂದ ಮಗ ಜುನೇದ್, ಅವತ್ತು ಮೂರನೆಯ ಸಲ.

“ಮಾರ್ಕರ್ ಅಂದ್ರ ನಿಮ್ಮ ಆಪಾ ಸಾಲ್ಯಾಗ ಬೋರ್ಡ್ ಮ್ಯಾಲ ಬರಿಯೂದು. ಇದರಾಗ ಗುಂಡ ಬರತಾವು. ಇದು ಬಂದೂಕನ.”

ಬಾಗಿಲ ಹತ್ತಿರ ಕೂತು ಫಲಕಕ್ಕೆ ಆಟದ ನಿಯಮಗಳನ್ನು ಬರೆಯುತ್ತಿದ್ದ ಅವನ ಅಕ್ಕ ಉಜ್ಮಾ ತಲೆ ಎತ್ತಲಿಲ್ಲ. ಅವಳು ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಆರಿಸಿದ ಮೇಲೂ ಎರಡು ಸಲ ಮುಟ್ಟಿ ನೋಡುವವಳು, ಅಂಗಡಿಯಲ್ಲಿ ಕೂತರೆ ನೆಲದ ಮೇಲೆ ಬಿದ್ದ ಸೂಜಿ ಎಲ್ಲರಿಗಿಂತ ಮೊದಲು ಅವಳ ಕಣ್ಣಿಗೇ ಬೀಳುತ್ತಿತ್ತು. ‘ಮುಖವಾಡ ತೆಗೆಯಬೇಡಿ’ ಎಂದು ಬರೆದಿದ್ದಳು. ಅದು ಸಾಲದೆನಿಸಿ, ‘ಆಟ ನಿಂತ ಮೇಲೂ’ ಎಂದು ಮೊದಲಿಗೆ ಸೇರಿಸಿದಳು.

ಜುನೇದ್ ನಾಲ್ಕು ವರ್ಷ ಗೋವಾದಲ್ಲಿ ಈ ಬಣ್ಣದ ಗುಂಡಿನ ಆಟದ ಮೈದಾನವೊಂದರಲ್ಲಿ ಕೆಲಸ ಮಾಡಿದವನು. ಆ ಮೈದಾನ ಮುಚ್ಚಿದಾಗ ಅಲ್ಲಿಯ ಆರು ಹಳೆ ಮಾರ್ಕರ್ ತಂದಿದ್ದ. ಹೊಸಬರು ಆಡುವಂಥ ಸಾದಾ ಮಾಲು. ಅದೇ ಆಟ ಇಲ್ಲಿ ನಡೆಸಲು ಕಿತ್ತೂರಿನ ಬಸವಣ್ಣೆಪ್ಪ ತಮ್ಮ ಮಾವಿನ ತೋಟದ ಪಕ್ಕದ ಖಾಲಿ ಜಾಗ ಬಿಟ್ಟುಕೊಟ್ಟಿದ್ದರು. ಆದರೆ ಒಂದು ಮಾತು ಹೇಳಿದ್ದರು: “ಒಂದ ಐತವಾರ ನೋಡತೇನಿ. ಯಾರರೆ ಅಳಕೋತ ಮನಿಗೆ ಹೋದ್ರೋ, ಮರುದಿನ ಅಲ್ಲಿ ಶೇಂಗಾ ಬಿತ್ತತೇನಿ.”

ಆ ಭಾನುವಾರಕ್ಕೆ ಇನ್ನು ಹತ್ತು ದಿನ. ರಾಮದುರ್ಗದಿಂದ ಹನ್ನೆರಡು ಜನ ಶಿಕ್ಷಕಿಯರು ಕಿತ್ತೂರಿನ ಕೋಟೆ ನೋಡಿಕೊಂಡು ಆಡಲು ಬರುವವರಿದ್ದರು. ಆಟ ಕೆಟ್ಟರೆ ಜುನೇದ್ ಮತ್ತೆ ಗೋವಾದ ಬಸ್ಸು ಹತ್ತುತ್ತಾನೆ ಎಂಬುದು ಉಜ್ಮಾಗೆ ಗೊತ್ತಿತ್ತು. ನಾಲ್ಕು ವರ್ಷದ ನಂತರ ಮನೆಯಲ್ಲಿ ಮತ್ತೆ ಮೂರು ತಟ್ಟೆ ಇಟ್ಟು ಊಟ ಮಾಡುತ್ತಿದ್ದರು. ಅವಳಿಗೆ ಅದು ಹಾಗೆಯೇ ಉಳಿಯಬೇಕಿತ್ತು.

ಮಾರ್ಕರುಗಳಿಗಿದ್ದ ಹಳೆ ಟ್ರಿಗರ್ ಒಂದೇ ಬೆರಳಿನದು, ಸವೆದು ಒರಟಾಗಿತ್ತು. ಹತ್ತು ಸಲ ಎಳೆದರೆ ಬೆರಳು ನೋಯುತ್ತಿತ್ತು. ಮುಂಬೈಯ ವ್ಯಾಪಾರಿ ನೋಡಲಿಕ್ಕೆಂದು ಮೂರು ಬಗೆಯ ಟ್ರಿಗರ್ ಕಳಿಸಿದ್ದ. ಯಾವುದು ಬೇಕೋ ಫೋನ್ ಮಾಡಿದರೆ ಆರಕ್ಕೂ ಅದನ್ನೇ ಕಳಿಸುವವನಿದ್ದ. ಜುನೇದ್ ಒಂದೊಂದನ್ನೇ ಮುಂದಿಟ್ಟ.

“ಇದು ಹಗೂರ ಸ್ಪ್ರಿಂಗಿಂದು. ಬೆರಳ ಮುಟ್ಟಿದ್ರ ಸಾಕು. ಇದು ಉದ್ದಂದು, ಎರಡ ಬೆರಳ ಹಾಕಿ ಎಳಿಯೂದು. ಇನ್ನ ಇದು ನೋಡ್ರಿ, ಇದರದ ಮಜಾ ಬ್ಯಾರೆ. ಗುಂಡ ಹಾರಿದ ಕೂಡಲೆ ಗ್ಯಾಸ ಬಂದು ಟ್ರಿಗರ್ ತಾನ ಮುಂದ ದೂಕತೈತಿ. ಬೆರಳ ಹಂಗ ಇಟ್ರ ಟಪ ಟಪ ಟಪ.”

“ಟಪ ಟಪ ಯಾರಿಗೆ ಬೇಕಾಗೈತಿ?” ಉಜ್ಮಾ ಕೇಳಿದಳು.

“ಎಲ್ಲಾರಿಗೂ ಬೇಕ ಆಪಾ. ಗೋವಾದಾಗ ಹಂಗ ಕೇಳತಿದ್ರು.”

“ಗೋವಾದವರು ಬರೂದಿಲ್ಲಪಾ ಇಲ್ಲೆ. ರಾಮದುರ್ಗದ ಟೀಚರ್ ಬರತಾರ.”

ಬುರಾನಸಾಬರಿಗೆ ಈ ಚರ್ಚೆ ಬೇಕಿರಲಿಲ್ಲ. ಅವರ ಕಣ್ಣು ಮಾರ್ಕರಿನ ಹೊಟ್ಟೆಯೊಳಗಿನ ಸಣ್ಣ ಕೊಕ್ಕೆಯ ಮೇಲಿತ್ತು. ಟ್ರಿಗರ್ ಎಳೆದಾಗ ಜಾರಿ ಗುಂಡು ಬಿಡುವುದು ಆ ಕೊಕ್ಕೆಯೇ. “ಹಗೂರ ಅಂತಾನ ಆ ಮುಂಬೈಯಾಂವ. ಹಗೂರ ಅಂದ್ರ ಏನು ಅಂತ ನಾ ತೋರಸತೇನಿ” ಎಂದವರೇ ಎಣ್ಣೆಕಲ್ಲು ತೆಗೆದುಕೊಂಡು ಕೊಕ್ಕೆಯನ್ನು ಉಜ್ಜತೊಡಗಿದರು. ಅರ್ಧ ಗಂಟೆ ಉಜ್ಜಿ, ಹಗುರ ಸ್ಪ್ರಿಂಗು ಹಾಕಿ ಜೋಡಿಸಿ, ಕಿರುಬೆರಳಿನಿಂದ ಟ್ರಿಗರ್ ಮುಟ್ಟಿದರು. ಟಕ್ ಎಂದಿತು. ಪಕ್ಕದಲ್ಲಿದ್ದ ಚಹಾ ಅಲುಗಲಿಲ್ಲ.

“ಅಬ್ಬಾ, ಉಸ್ತಾದ್ ನೀವು!” ಎಂದು ಜುನೇದ್ ಕೈ ತಟ್ಟಿದ.

ಉಜ್ಮಾಗೆ ಏನೋ ಸರಿಯಿಲ್ಲ ಎನಿಸಿತ್ತು. ಏನೆಂದು ಸರಿಯಾದ ಮಾತಿನಲ್ಲಿ ಹೇಳಲು ಬಾರದೆ ಬಾಯಿ ತೆರೆಯುವುದು ಅವಳ ಸ್ವಭಾವವಲ್ಲ.

ಮರುದಿನ ಜುಮ್ಮಾ ನಮಾಜು ಮುಗಿಸಿಕೊಂಡು ಮೂವರೂ ಕಿತ್ತೂರಿನ ತೋಟಕ್ಕೆ ಹೋದರು. ಮೂರು ಮಾರ್ಕರಿಗೆ ಮೂರು ಟ್ರಿಗರ್ ಜೋಡಿಸಿದ್ದರು. ಬಸವಣ್ಣೆಪ್ಪ ಸಂಪಗಾಂವದಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೊರಟಿದ್ದವರು ಮೋಟಾರ್ ಸೈಕಲ್ ನಿಲ್ಲಿಸಿ ನೋಡಲು ನಿಂತರು. ಅವರ ಹೆಂಡತಿ ಪದ್ಮವ್ವ ಮಜ್ಜಿಗೆ ತಂದಿದ್ದರು.

“ಮುಖವಾಡ ಹಾಕ್ಕೋರಿ ಗೌಡ್ರ” ಎಂದಳು ಉಜ್ಮಾ.

“ನಾ ಏನ ಆಡತೇನೇನು? ದೂರ ನಿಂತೇನಿ.”

“ದೂರ ನಿಂತವರೂ ಹಾಕ್ಕೋಬೇಕ್ರಿ. ಬೋರ್ಡಿನ್ಯಾಗ ಬರದೇನಿ.”

ರುಮಾಲಿನ ಮೇಲೆ ಮುಖವಾಡದ ಪಟ್ಟಿ ಕೂಡಲಿಲ್ಲ. ಬಸವಣ್ಣೆಪ್ಪ ಗೊಣಗುತ್ತ, ಸುತ್ತಿದ ಬಿಳಿ ರುಮಾಲನ್ನು ಹಾಗೇ ಎತ್ತಿ ಮೋಟಾರ್ ಸೈಕಲ್ಲಿನ ಸೀಟಿನ ಮೇಲಿಟ್ಟರು.

ಜುನೇದ್ ಮೊದಲು ಗ್ಯಾಸಿನ ಟ್ರಿಗರ್ ತೋರಿಸಿದ. ಒಂದು ಉಸಿರಿನಲ್ಲಿ ಎಂಟು ಗುಂಡು ಹೋಗಿ ಎದುರಿನ ಡ್ರಮ್ಮು ಹಳದಿಯಾಯಿತು. “ಹೋಳಿ ಹುಣ್ಣಿವಿ ಈಗ ಬಂತೇನ?” ಎಂದು ಪದ್ಮವ್ವ ನಕ್ಕರು. ಆಮೇಲೆ ಬುರಾನಸಾಬರು ತಾವು ಉಜ್ಜಿದ್ದನ್ನು ಮಗಳ ಕೈಗೇ ಕೊಟ್ಟರು. “ನೀ ನೋಡ ಬೇಟಾ. ನಿನಗ ತಪ್ಪ ಸಿಗಲಿಲ್ಲಂದ್ರ ಯಾರಿಗೂ ಸಿಗೂದಿಲ್ಲ.”

ಅವಳು ಎರಡೂ ಕೈಯಲ್ಲಿ ಹಿಡಿದು, ಮೂತಿ ಕೆಳಗೆ ಮಾಡಿ, ಡ್ರಮ್ಮಿನ ಕಡೆ ತಿರುಗುತ್ತಿದ್ದಳು. ಆಗಲೇ ಹಿಂದಿನ ರಸ್ತೆಯಲ್ಲಿ ಬಸ್ಸೊಂದು ಕಿವಿ ಹರಿಯುವಂತೆ ಹಾರ್ನ್ ಹಾಕಿತು. ಉಜ್ಮಾ ಬೆಚ್ಚಿದಳು. ಮಾರ್ಕರ್ ಪಕ್ಕಕ್ಕೆ ಹೊರಳಿ ಟಪ್ ಎಂದಿತು.

ಎಲ್ಲರೂ ಮೋಟಾರ್ ಸೈಕಲ್ಲಿನ ಕಡೆ ತಿರುಗಿದರು. ಬಿಳಿ ರುಮಾಲಿನ ನಟ್ಟನಡುವೆ ಲಿಂಬೆಹಣ್ಣಿನಷ್ಟು ಹಳದಿ ಕಲೆ, ಅಂಚಿನಿಂದ ಕೆಳಗೆ ಇಳಿಯುತ್ತಿತ್ತು.

“ನೀರಿಗೆ ಹೋಗತೈತ್ರಿ ಗೌಡ್ರ, ನೀರಿಗೆ ಹೋಗತೈತಿ” ಎಂದು ಜುನೇದ್ ಓಡಿದ.

“ತಲಿ ಮ್ಯಾಲ ಇದ್ದಾಗ ಬಿದ್ದಿದ್ರ ನಿಶ್ಚಿತಾರ್ಥದಾಗ ನೀವ ಮದುಮಗ ಕಾಣತಿದ್ರಿ” ಎಂದರು ಪದ್ಮವ್ವ, ಸೆರಗು ಬಾಯಿಗೆ ಹಿಡಿದು.

ಬಸವಣ್ಣೆಪ್ಪ ನಗಲಿಲ್ಲ. “ಇವತ್ತ ರುಮಾಲಕ್ಕ ಬಿತ್ತು. ಐತವಾರ ಯಾರ ಮಾರಿಗೆ ಬೀಳತೈತಿ ಬುರಾನಸಾಬ್ರ? ಇಷ್ಟ ನೋಡಕೊಂಡ ಆಡೂ ಹುಡುಗಿ ಕೈಯಾಗ ಹಿಂಗಾದ್ರ, ಮಂದಿ ಕೈಯಾಗ ಹೆಂಗ?” ರುಮಾಲು ಕಂಕುಳಲ್ಲಿಟ್ಟುಕೊಂಡು, ಬೋಳುದಲೆಯಲ್ಲೇ ಗಾಡಿ ಹತ್ತಿ ಹೊರಟರು.

ಉಜ್ಮಾಳ ಕಿವಿ ಬಿಸಿಯಾಗಿತ್ತು. ಹುಟ್ಟಿದಾಗಿನಿಂದ ಒಂದು ಲೋಟವನ್ನೂ ಕೈಯಿಂದ ಜಾರಿಸದವಳು ತಾನು ಎಂಬ ಹೆಮ್ಮೆ ಅವಳೊಳಗೆ ಇದ್ದಿರಬೇಕು, ಅದೂ ಈಗ ಹಳದಿಯಾಗಿ ಸೋರಿತ್ತು. ಆದರೆ ನಾಚಿಕೆಗಿಂತ ಮುಂಚೆ ಅವಳ ಲಕ್ಷ್ಯ ತನ್ನ ಕೈಯ ಮೇಲೆ ಹೋಯಿತು. ಬೆರಳು ಟ್ರಿಗರನ್ನು ಎಳೆದಿರಲಿಲ್ಲ. ಬೆಚ್ಚಿದಾಗ ಇಡೀ ಮುಷ್ಟಿ ಮುಚ್ಚಿತ್ತು. ಬೆರಳು ಮುಷ್ಟಿಯ ಜೊತೆ ಹೋಗಿತ್ತು, ಅಷ್ಟೆ.

ಅವಳು ಗ್ಯಾಸು, ಗುಂಡು ಎರಡನ್ನೂ ತೆಗೆಸಿದಳು. ಖಾಲಿ ಮಾರ್ಕರನ್ನು ಪದ್ಮವ್ವನ ಕೈಗೆ ಕೊಟ್ಟು, “ಕಾಕೂ, ಡ್ರಮ್ ನೋಡಕೋತ ನಿಂದರ್ರಿ. ಹೊಡಿಬ್ಯಾಡ್ರಿ” ಎಂದಳು. ಹಿಂದೆ ಹೋಗಿ ಮಜ್ಜಿಗೆಯ ತಾಟನ್ನು ಸೌಟಿನಿಂದ ಜೋರಾಗಿ ಬಾರಿಸಿದಳು. ಪದ್ಮವ್ವ “ಯವ್ವಾ!” ಎಂದು ಹಾರಿದರು. ಟಕ್. ಕೊಕ್ಕೆ ಜಾರಿತ್ತು.

“ಜೀವಾ ತಗೀತಿ ಏನವಾ ನೀ?”

“ಇನ್ನೊಂದ ಸಲ ಕಾಕೂ.”

ಮೂರೂ ಮಾರ್ಕರನ್ನು ಒಂದೊಂದಾಗಿ ಕೈಗೆ ಕೊಟ್ಟಳು. ತಾಟು ಬಾರಿಸುತ್ತಾಳೆಂದು ಗೊತ್ತಿದ್ದರೂ ಪದ್ಮವ್ವ ಪ್ರತಿ ಸಲವೂ ಹಾರಿದರು. ಹಗುರದ್ದು ಹತ್ತಕ್ಕೆ ಹತ್ತು ಸಲ ಟಕ್ ಎಂದಿತು. ಗ್ಯಾಸಿನದು ಹತ್ತಕ್ಕೆ ಏಳು. ಎರಡು ಬೆರಳಿನ ಉದ್ದ ಟ್ರಿಗರ್ ಮಾತ್ರ ಬಹಳ ದೂರ ಬಂದ ಮೇಲೆ ಕೊಕ್ಕೆ ಬಿಡುತ್ತಿತ್ತು, ಮುಷ್ಟಿ ಅರ್ಧ ಮುಚ್ಚಿ ನಿಂತರೆ ಏನೂ ಆಗುತ್ತಿರಲಿಲ್ಲ. ಅದು ಹತ್ತಕ್ಕೆ ಮೂರು. ಉಜ್ಮಾಗೆ ಇನ್ನೊಂದು ಸಂಗತಿಯೂ ಕಂಡಿತು. ಒಂದೇ ಬೆರಳಿನ ಟ್ರಿಗರಿನ ಸುತ್ತ ಬಾಗಿದ ಕಾವಲು ಕಂಬಿಯೊಳಗೆ ಪದ್ಮವ್ವನ ಉಂಗುರ ಸಿಕ್ಕಿಕೊಳ್ಳುತ್ತಿತ್ತು. ಉದ್ದನೆಯದರ ಕಂಬಿ ಅಗಲ, ಉಂಗುರ ಸಲೀಸಾಗಿ ಹೋಗಿ ಬರುತ್ತಿತ್ತು.

“ಉದ್ದಂದ ಇರಲಿ. ಆದ್ರ ಮೂರೂ ಹೆಚ್ಚಾತು” ಎಂದಳು ಉಜ್ಮಾ. “ಇದಕ್ಕ ಹಳೇ ಗಟ್ಟಿ ಸ್ಪ್ರಿಂಗ ಹಾಕಬೇಕು. ಬಿಗಿ ಮಾಡಬೇಕ್ರಿ ಅಬ್ಬಾ.”

ಜುನೇದ್ ತಲೆ ಕೆರೆದುಕೊಂಡ. ಬುರಾನಸಾಬರು ಮಾತ್ರ ಎದ್ದು ನಿಂತರು. “ಬಿಗಿ? ನನ್ನ ಕೈಲೆ? ಬೈಲಹೊಂಗಲದಾಗ ಯಾರಿಗರೆ ಗೊತ್ತಾದ್ರ ಏನಂತಾರ, ಬುರಾನಸಾಬ ಮುದುಕಾದ ಅಂತಾರ.”

ಉಜ್ಮಾ ತಂದೆಯ ಮುಖ ನೋಡಿದಳು. ‘ನೀವು ಉಜ್ಜಿದ್ದು ತಪ್ಪು’ ಎಂದು ಹೇಳುವುದು ಸುಲಭವಿತ್ತು, ಆದರೆ ಆ ಮಾತು ಆಮೇಲೆ ಮನೆಯೊಳಗೆ ಎಷ್ಟು ದಿನ ಕೂತಿರುತ್ತದೆಯೋ ಅವಳಿಗೆ ಗೊತ್ತಿತ್ತು. ಕುಡಿಯದೆ ಇಟ್ಟಿದ್ದ ತನ್ನ ಮಜ್ಜಿಗೆಯ ಲೋಟವನ್ನು ಅವರಿಗೆ ಕೊಟ್ಟು ಕೇಳಿದಳು.

“ಅಬ್ಬಾ, ಬಾಯವ್ವಾರ ಟೇಲರಿಂಗ್ ಕ್ಲಾಸಿನ ಮಷಿನ್ ವರ್ಷಾ ಬರತಾವಲ್ಲ, ಅವಕ್ಕ ಚಹಾದ ಕಪ್ ಇಡತೀರೇನು?”

“ಅವಕ್ಯಾಕ ಇಡಲಿ? ಅವು ಕಲಿಯೂ ಹುಡುಗ್ಯಾರವು. ಬೆಲ್ಟ್ ಒಂದೀಟ ಬಿಗೀನ ಇಡತೇನಿ. ಇಲ್ಲಂದ್ರ ಕಾಲ ಇಟ್ಟ ಕೂಡಲೆ ಓಡತೈತಿ, ಸೂಜಿ ಬೆರಳಾಗ...”

ಬುರಾನಸಾಬರು ಮಜ್ಜಿಗೆ ನೋಡಿದರು, ಮಗಳನ್ನು ನೋಡಿದರು.

“ರಾಮದುರ್ಗದವರು ದರ್ಜಿಗಳಲ್ರಿ ಅಬ್ಬಾ” ಎಂದಳು ಉಜ್ಮಾ ಮೆಲ್ಲಗೆ. “ಅವರೂ ಕಲಿಯೂ ಹುಡುಗ್ಯಾರ.”

“ನಿಮ್ಮವ್ವನ ಹಂಗ ಮಾತಾಡತಿ ನೀ” ಎಂದರು ಅವರು. ಲೋಟ ಖಾಲಿ ಮಾಡಿ ಮೀಸೆ ಒರೆಸಿಕೊಂಡು ಮಗನ ಕಡೆ ತಿರುಗಿದರು. “ಏ ಜುನೇದ್, ಹಳೇ ಸ್ಪ್ರಿಂಗ ಒಗದಿಲ್ಲ ಹೌದಿಲ್ಲೋ? ಫೋನ್ ಮಾಡು. ಆರೂ ಉದ್ದಂದ ತರಸು.”

“ಟಪ ಟಪ?”

“ನಿನ್ನ ಮದವ್ಯಾಗ ಮಾಡೂಣಂತ.”

ಪಾರ್ಸೆಲ್ಲು ಬುಧವಾರ ಬಂತು. ಉಜ್ಜಿದ ಕೊಕ್ಕೆಯ ಜಾಗದಲ್ಲಿ ಜುನೇದನ ಬಳಿ ಉಳಿದಿದ್ದ ಒಂದೇ ಒಂದು ಬಿಡಿ ಕೊಕ್ಕೆ ಹಾಕಿದರು. ಉಜ್ಜಿದ್ದನ್ನು ಬುರಾನಸಾಬರು ಎಸೆಯಲಿಲ್ಲ, ಸೂಜಿಯ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟರು. ಆರೂ ಮಾರ್ಕರಿನ ಬಿಗಿ ಒಂದೇ ಸಮ ಇರಬೇಕೆಂದು ಎರಡು ದಿನ ಕೂತರು. ಹಗುರ ಮಾಡುವುದಕ್ಕಿಂತ ಒಂದೇ ಸಮ ಬಿಗಿ ಮಾಡುವುದು ಕಷ್ಟದ ಕೆಲಸ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದರು. ಉಜ್ಮಾ ಸಂಜೆ ಶಾಲೆಯಿಂದ ಬಂದು ತಾಟು ಬಾರಿಸುತ್ತಿದ್ದಳು. ಪಕ್ಕದ ಅಂಗಡಿಯ ನೀಲಪ್ಪನನ್ನು ಕೂಡಿಸಿ ಪರೀಕ್ಷೆ ಮಾಡಿದಾಗ ಹತ್ತಕ್ಕೆ ಒಂದು ಸಲ ಟಕ್ ಎಂದಿತು. ಆ ಒಂದು ಅವಳಿಗೆ ಸಮಾಧಾನ ಕೊಡಲಿಲ್ಲ. ಫಲಕದಲ್ಲಿ ಇನ್ನೊಂದು ಸಾಲು ಬರೆದಳು: ‘ಹೊಡೆಯುವ ಗಳಿಗೆ ಬರುವವರೆಗೆ ಬೆರಳುಗಳು ಕಂಬಿಯ ಹೊರಗಿರಲಿ.’

ಐತವಾರ ಶಿಕ್ಷಕಿಯರು ಸೆರಗು ಬಿಗಿದು, ಮುಖವಾಡ ಹಾಕಿಕೊಂಡು ಸಾಲಾಗಿ ನಿಂತರು. ಮಕ್ಕಳಿಗೆ ಹೇಳುವ ದನಿಯಲ್ಲೇ ಉಜ್ಮಾ ನಿಯಮ ಓದಿದಳು. ಅವರು ಮಕ್ಕಳಂತೆಯೇ ಒಬ್ಬರನ್ನೊಬ್ಬರು ಚಿವುಟುತ್ತ ಕೇಳಿದರು. ಮೂರು ಮೂರು ಜನ ಎದುರಾಬದುರಾ ಆಡಿದರು. ಹಳೆಯ ಟೈರುಗಳ ಹಿಂದೆ ಅಡಗಿ, ಒಬ್ಬರ ಹೆಸರು ಒಬ್ಬರು ಕೂಗಿ, ಯಾರಿಗೂ ತಾಗದಂತೆ ಬಹಳ ಗುಂಡು ಹಾರಿಸಿದರು. “ಏ, ಹಾಜರಿ ಹಾಕಬೇಕು ಬಾರವಾ, ಎಲ್ಲಿ ಅಡಗೀದಿ!” ಎಂದೊಬ್ಬರು ಕೂಗಿದರೆ, “ರಜಾ ಚೀಟಿ ಕೊಟ್ಟೇನಿ!” ಎಂದು ಟೈರಿನ ಹಿಂದಿನಿಂದ ಉತ್ತರ ಬಂತು.

ಬಸವಣ್ಣೆಪ್ಪ ತೊಳೆದ ರುಮಾಲಿನಲ್ಲಿ ಬಂದು, ಮೈದಾನದ ಸುತ್ತ ಕಟ್ಟಿದ ಬಲೆಯ ಆಚೆ ನಿಂತಿದ್ದರು. ಈ ಸಲ ತಾವಾಗಿಯೇ ರುಮಾಲು ತೆಗೆದು ಪದ್ಮವ್ವನ ಕೈಗೆ ಕೊಟ್ಟು ಮುಖವಾಡ ಹಾಕಿಕೊಂಡರು.

ಎಲ್ಲರಿಗಿಂತ ಹಿರಿಯರಾದ ರೇಣು ಟೀಚರ್, ನಿವೃತ್ತಿಗೆ ಹತ್ತಿರದವರು, ಮಾವಿನ ಮರದ ಕೆಳಗೆ ಬಗ್ಗಿ ಬರುತ್ತಿದ್ದರು. ಎದುರಿಗೆ ನಾಲ್ಕು ಹೆಜ್ಜೆಯಲ್ಲಿ ಅವರ ತಂಡದ್ದೇ ಎಳೆಯ ವಯಸ್ಸಿನ ಟೀಚರ್ ಒಬ್ಬಳು ಬೆನ್ನು ಮಾಡಿ ಕೂತಿದ್ದಳು. ಆಗ ಮರದಿಂದ ಮಂಗವೊಂದು ದೊಪ್ಪನೆ ಟೈರಿನ ಮೇಲೆ ಹಾರಿತು. ರೇಣು ಟೀಚರ್ ಚೀರಿದರು. ಅವರ ಬೆರಳುಗಳು ಕಂಬಿಯ ಹೊರಗಿರಲಿಲ್ಲ. ಮುಷ್ಟಿ ಮುಚ್ಚಿದ್ದನ್ನು ಉಜ್ಮಾ ಕಂಡಳು, ಟ್ರಿಗರ್ ಅರ್ಧದವರೆಗೆ ಬಂದಿದ್ದನ್ನೂ ಕಂಡಳು.

ಗುಂಡು ಹಾರಲಿಲ್ಲ. ಮಂಗ ಓಡಿತು. ಹುಡುಗಿಗೆ ತನ್ನ ಬೆನ್ನ ಹಿಂದೆ ಏನಾಯಿತೆಂಬುದೇ ಗೊತ್ತಾಗಲಿಲ್ಲ. ರೇಣು ಟೀಚರ್ ಒಂದು ಗಳಿಗೆ ಸುಧಾರಿಸಿಕೊಂಡು, ಮಗ್ಗುಲಿಗೆ ಸರಿದು, ಎದುರಾಳಿ ಟೀಚರಿನ ಕಡೆ ಗುರಿ ಹಿಡಿದು, ಎರಡೂ ಬೆರಳಿನಿಂದ ಪೂರ್ತಿ ಎಳೆದರು. ಎದುರಿನವರ ಮಂಡಿಯ ಮೇಲೆ ಹಳದಿ ಹೂವು ಅರಳಿತು.

“ಹೊಡದ್ನಿ!” ಎಂದು ಅವರು ಕುಣಿದ ರಭಸಕ್ಕೆ ಸೀರೆಯ ನೆರಿಗೆ ಬಿಚ್ಚಿಕೊಂಡಿತು. ಅದನ್ನು ಕಟ್ಟಿಸಲು ಆಟವನ್ನೇ ನಿಲ್ಲಿಸಬೇಕಾಯಿತು. ಆಟ ನಿಂತ ಮೇಲೂ ಯಾರೂ ಮುಖವಾಡ ತೆಗೆಯಲಿಲ್ಲ.

ಮಜ್ಜಿಗೆ ಕುಡಿಯುವಾಗ ಬಸವಣ್ಣೆಪ್ಪ ಶೇಂಗಾದ ಮಾತು ಎತ್ತಲಿಲ್ಲ. ಜುನೇದನ ಹತ್ತಿರ ಹೋಗಿ, “ಇನ್ನೆರಡ ಗುಂಡ ಉಳದಾವೇನೋ? ನಾನೂ ಒಂದೀಟ ನೋಡತೇನಿ. ಆ ಡ್ರಮ್ಮಿಗೆ” ಎಂದು ಕೇಳಿದರು. ಜುನೇದ್ ಮುಂದಿನ ಐತವಾರಕ್ಕೆ ಚಚಡಿಯಿಂದ ಯಾರೋ ಕೇಳಿದ್ದಾರೆಂದು ಅಕ್ಕನಿಗೆ ದೂರದಿಂದಲೇ ಕೈಸನ್ನೆ ಮಾಡಿದ.

ರೇಣು ಟೀಚರ್ ಮಾರ್ಕರನ್ನು ತಿರುಗಿ ಕೊಡಲು ಬಂದಾಗ ಮೇಜಿನ ಹಿಂದೆ ಬುರಾನಸಾಬರು ಕೂತಿದ್ದರು.

“ಎಲ್ಲಾ ಛಲೋ ಇತ್ರಿ ಸಾಹೇಬ್ರ. ಆದ್ರ ಟ್ರಿಗರ್ ಒಂದೀಟ ಬಿಗಿ ಅನಸತು.”

ಹಿಂದಿನ ನಲವತ್ತು ವರ್ಷದಲ್ಲಿ ಎಂದಾದರೂ ಇಂಥ ಮಾತು ಕೇಳಿದ್ದರೆ ಬುರಾನಸಾಬರು ರಾತ್ರಿ ಉಣ್ಣುತ್ತಿರಲಿಲ್ಲ. ಉಜ್ಮಾ ಅವರ ಮುಖ ನೋಡಿದಳು. ಅವರು ಮಾರ್ಕರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅರಿವೆಯಿಂದ ಒರೆಸಿ, ಜೋಪಾನವಾಗಿ ಕೆಳಗಿಟ್ಟರು.

“ಹೌದ್ರೀ ಟೀಚರ್” ಎಂದರು, ಬಾಯಿತುಂಬ ನಗುತ್ತ. “ಬಿಗಿ ನಾನ ಮಾಡೇನಿ. ಕುಂದರ್ರಿ, ಚಹಾ ಕುಡದ ಹೋಗ್ರಿ.”