ಮೇಲಕ್ಕೆ ಸುರಿದ ಮಳೆ

ಪರದೆಯ ಮೇಲೆ ಮಳೆ ನೆಲದಿಂದ ಹೊರಟು ಆಕಾಶಕ್ಕೆ ಹೋಗುತ್ತಿತ್ತು. ಸಣ್ಣ ಸಣ್ಣ ನೀಲಿ ಗೆರೆಗಳು ಬೆಟ್ಟದಿಂದ, ಬಯಲಿನಿಂದ, ಕೆರೆಯಿಂದ ಎದ್ದು, ಯಾರೋ ಊಟಕ್ಕೆ ಕರೆದ ಹಾಗೆ ಅವಸರವಾಗಿ ಮೋಡದೊಳಗೆ ಸೇರಿಕೊಳ್ಳುತ್ತಿದ್ದವು. ಮಳೆರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಳೆ ಇನ್ನೂ ಮೇಲಕ್ಕೇ ಹೋಗುತ್ತಿತ್ತು.

"ಇದೇನ್ರೀ ಬೀಗರೇ, ನಿಮ್ಮ ಮಳೆ ಬಂದ ದಾರೀಲೇ ವಾಪಸ್ ಹೋಗ್ತಿದೆ?" ಎಂದರು ಪಕ್ಕದ ಕುರ್ಚಿಯ ಗಾಳಿರಾಯರು. ನಗಬಾರದಿತ್ತು. ನಕ್ಕರು.

ಆ ಹವಾಮಾನ ಕಚೇರಿಯಲ್ಲಿ ಮಳೆಯ ಲೆಕ್ಕದ ಪ್ರೋಗ್ರಾಮ್ ಬರೆದು ತಲೆ ನರೆತವರು ಒಬ್ಬರು, ಗಾಳಿಯ ಲೆಕ್ಕದ ಪ್ರೋಗ್ರಾಮ್ ಬರೆದು ತಲೆ ಬೋಳಾದವರು ಇನ್ನೊಬ್ಬರು. ಅಡ್ಡಹೆಸರು ಇಟ್ಟದ್ದು ಕ್ಯಾಂಟೀನಿನವರು. ಈಗ ಮನೆಯಲ್ಲಿ ಹೆಂಡತಿಯರೂ ಹಾಗೇ ಕರೆಯುತ್ತಿದ್ದರು. ಮಳೆರಾಯರ ಮಗಳು ಅದೇ ಕಚೇರಿಯಲ್ಲಿ ಇಬ್ಬರ ಪ್ರೋಗ್ರಾಮುಗಳನ್ನೂ ಜೋಡಿಸುವ ಕೆಲಸದಲ್ಲಿದ್ದಳು. ಗಾಳಿರಾಯರ ಮಗ ಹಲ್ಲಿನ ಡಾಕ್ಟರ್. ಹಲ್ಲುನೋವೆಂದು ಅವನ ಹತ್ತಿರ ಹೋದ ಹುಡುಗಿ, ನೋವು ವಾಸಿಯಾದ ಮೇಲೂ ಹೋಗುತ್ತಲೇ ಇದ್ದಳು. ಹಾಗಾಗಿ ಹಿರಿಯರು ಬೀಗರಾಗುವ ಹಂತಕ್ಕೆ ಬಂದಿದ್ದರು. ಅಂದು ಬೆಳಿಗ್ಗೆ ಎರಡು ಪ್ರೋಗ್ರಾಮುಗಳು ಮೊದಲ ಸಲ ಒಟ್ಟಿಗೆ ಓಡಬೇಕಿತ್ತು. ಸಂಜೆ ಎರಡು ಮನೆಯವರು ಒಟ್ಟಿಗೆ ಕೂತು ಮದುವೆಯ ದಿನ ಗೊತ್ತುಮಾಡಬೇಕಿತ್ತು.

ಕಾರಣ ಹುಡುಕಲು ಮಳೆರಾಯರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಂಥ ಲೆಕ್ಕವನ್ನು ನೂರಾರು ಪ್ರೊಸೆಸರ್‌ಗಳು ಹಂಚಿಕೊಂಡು, ಒಂದಕ್ಕೊಂದು ಸಂದೇಶ ಕಳಿಸಿಕೊಳ್ಳುತ್ತ ಮಾಡುತ್ತವೆ. ಹಾಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಬಳಗಕ್ಕೆ ಕಮ್ಯುನಿಕೇಟರ್ ಎಂದು ಹೆಸರು. ಅದರ ಮೇಲೆ ನಮ್ಮದೇ ಒಂದು ಮಾಹಿತಿಯ ಗಂಟನ್ನು ನೇತುಹಾಕಬಹುದು, ಅದು ಅಟ್ರಿಬ್ಯೂಟ್. ನೇತುಹಾಕಲು ಮೊಳೆ ಬೇಕಲ್ಲ, ಅದು ಕೀ. ಎಷ್ಟು ಬೇಕಾದರೂ ಕೇಳಿ ಪಡೆಯಬಹುದು, ಆದರೆ ಒಂದು ಮೊಳೆಗೆ ಒಂದೇ ಗಂಟು. ಎರಡನೆಯವರು ಬಂದು ಅಲ್ಲೇ ಹಾಕಿದರೆ ಮೊದಲಿನದನ್ನು ಹೇಳದೆ ಕೇಳದೆ ಕಸಕ್ಕೆ ಎಸೆಯಲಾಗುತ್ತದೆ. ಮಳೆರಾಯರು ಮಳೆಯ ಕೋಷ್ಟಕ ನೇತುಹಾಕಿದ್ದರು. ತಿರುಗಿ ಬಂದು ಕೈಹಾಕಿದಾಗ ಸಿಕ್ಕಿದ್ದು ಗಾಳಿಯ ಕೋಷ್ಟಕ. ಪಶ್ಚಿಮಕ್ಕೆ ಬೀಸುವ ಗಾಳಿಗೆ ಮೈನಸ್ ಗುರುತು. ಮೈನಸ್ ಮಳೆ ಎಂದರೆ ಪರದೆಗೆ ಒಂದೇ ಅರ್ಥ.

"ನನ್ನ ಸಾಮಾನು ಬಿಸಾಕಿ ನಿಮ್ಮದನ್ನ ನೇತುಹಾಕಿದೀರಿ," ಎಂದರು ಮಳೆರಾಯರು.

"ನಾನ್ಯಾಕ್ರೀ ನಿಮ್ಮ ಸಾಮಾನು ಮುಟ್ಟಲಿ? ನನಗೆ ಕೊಟ್ಟ ಮೊಳೆಗೆ ನಾನು ಹಾಕಿದೀನಿ."

"ಅದು ನನ್ನ ಮೊಳೆ."

"ನಿಮ್ಮ ಹೆಸರು ಬರೆದಿದೆಯಾ ಸಾರ್ ಅದರ ಮೇಲೆ?"

ಬೀಗರು ಹೋಗಿ ಸಾರ್ ಬಂದದ್ದು ಹಿಂದಿನ ಮೇಜಿನಲ್ಲಿದ್ದ ಹುಡುಗಿಯ ಕಿವಿಗೆ ಬಿತ್ತು. ಅವಳು ಕೆಲಸ ಬಿಟ್ಟು ತಲೆ ಎತ್ತಿದಳು.

"ಇಷ್ಟು ವರ್ಷ ನನ್ನ ಮಳೆ ಕೆಳಗೇ ಬೀಳ್ತಿತ್ತು ಸಾರ್. ನಿಮ್ಮ ಸಹವಾಸ ಆದ್ಮೇಲೆ ಹೀಗಾಗಿದೆ."

"ಸಹವಾಸ ಬೇಡದಿದ್ರೆ ಬಿಡಿ ಸಾರ್. ನಾವೇನು ನಿಮ್ಮ ಬಾಗಿಲಲ್ಲಿ ಕಾದು ಕೂತಿಲ್ಲ."

ಗಾಳಿರಾಯರು ತಮ್ಮ ಕೋಣೆಗೆ ಹೋಗಿ ಬಾಗಿಲು ಬಡಿದರು. ಗಾಳಿಗೆ ಬಡಿದುಕೊಂಡಿತು ಎನ್ನಲು ಕಿಟಕಿಗಳೆಲ್ಲ ಮುಚ್ಚಿದ್ದವು.

ಸ್ವಲ್ಪ ಹೊತ್ತಿಗೆ ಹುಡುಗಿಯ ಫೋನಿಗೆ ಡಾಕ್ಟರನ ಮೆಸೇಜು ಬಂತು. "ಅಪ್ಪ ಸಂಜೆ ಬರಲ್ವಂತೆ. ಏನ್ ಮಾಡ್ದೆ?" ಏನಾಯ್ತು ಎಂದು ಕೇಳದೆ ಏನ್ ಮಾಡ್ದೆ ಎಂದು ಕೇಳಿದನಲ್ಲ ಎಂದು ಅವಳಿಗೆ ಸಿಟ್ಟು ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ, ಪ್ರೋಗ್ರಾಮುಗಳನ್ನು ಜೋಡಿಸಲು ತಾನು ಬರೆದಿದ್ದ ಫೈಲು ತೆರೆದಳು. ಸಿಟ್ಟು ಜರ್ರನೆ ಇಳಿಯಿತು.

ಇಬ್ಬರಿಗೂ ಸೇರಿ ಅವಳು ಒಂದೇ ಒಂದು ಕೀ ಕೇಳಿದ್ದಳು. ಅದನ್ನೇ ಅಪ್ಪನಿಗೂ ಕೊಟ್ಟಿದ್ದಳು, ಮಾವನಿಗೂ ಕೊಟ್ಟಿದ್ದಳು. ಮೇಲಾಗಿ ಅದಕ್ಕೊಂದು ಹೆಸರು ಬೇರೆ ಇಟ್ಟಿದ್ದಳು.

ಬರೆದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅವಳ ಬಾಯೊಳಗೆ ಪುಟ್ಟ ಕನ್ನಡಿ ಹಿಡಿದುಕೊಂಡೇ ಡಾಕ್ಟರ್ "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದ. ತೆರೆದ ಬಾಯಿಂದ "ಆ" ಎನ್ನುವುದು ಬಿಟ್ಟು ಬೇರೇನೂ ಸಾಧ್ಯವಿರಲಿಲ್ಲ. ಸಾಧ್ಯವಿದ್ದರೂ ಅದನ್ನೇ ಅನ್ನುತ್ತಿದ್ದಳು. ಅಲ್ಲಿಂದ ನೆಟ್ಟಗೆ ಕಚೇರಿಗೆ ಬಂದು, ಕಾಲು ನೆಲಕ್ಕೆ ತಾಗದೆ ಈ ಫೈಲು ಬರೆದಿದ್ದಳು.

ಸದ್ದಿಲ್ಲದೆ ಇನ್ನೊಂದು ಕೀ ಪಡೆದರೆ ಮಳೆ ಈಗಲೇ ಕೆಳಗಿಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮಾವನೇ ಎಸೆದರೆಂದು ಅಪ್ಪ, ಅಪ್ಪ ಸುಳ್ಳುದೂರು ಹೊರಿಸಿದರೆಂದು ಮಾವ, ಕೊನೆಯವರೆಗೂ ಸಾಧಿಸುತ್ತಾರೆ. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಹೇಳಿದರೆ ಮರ್ಯಾದೆ ಹೋಗುತ್ತದೆ, ಅದೂ ಆ ಹೆಸರಿನ ಸಮೇತ. ಹುಡುಗಿ ಉಗುರು ಕಚ್ಚಿದಳು. ಆಮೇಲೆ ಫೈಲನ್ನು ದೊಡ್ಡ ಪರದೆಗೆ ಹಾಕಿ, "ಸಾರ್!" ಎಂದು ಕೂಗಿದಳು. ಕಚೇರಿಯಲ್ಲಿ ಅವಳು ಅಪ್ಪನನ್ನೂ ಸಾರ್ ಎಂದೇ ಕರೆಯುತ್ತಿದ್ದಳು. ಇಬ್ಬರೂ ಬಂದರು, ಒಬ್ಬರ ಮುಖ ಒಬ್ಬರು ನೋಡದೆ.

"ತಪ್ಪು ನಂದು. ಒಂದೇ ಕೀ ತಗೊಂಡು ಇಬ್ಬರಿಗೂ ಕೊಟ್ಟಿದೀನಿ."

ಮಳೆರಾಯರು ಪರದೆಯ ಹತ್ತಿರ ಹೋಗಿ ಕೀಯ ಹೆಸರನ್ನು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದರು. "ನ... ಮ್ಮ... ನೆ. ನಮ್ಮನೆ. ಇದೇನು ಪುಟ್ಟಿ?"

ಹುಡುಗಿ ಕಿವಿಯವರೆಗೂ ಕೆಂಪಾದಳು. "ಬರೆಯೋವಾಗ ಎರಡು ಬೇಕು ಅಂತ ತಲೆಗೇ ಹೋಗ್ಲಿಲ್ಲ ಅಪ್ಪಾ. ಎಲ್ಲ ಒಂದೇ ಅಂದ್ಕೊಂಡ್ಬಿಟ್ಟೆ. ಮಾವಾ, ಸಾರಿ."

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಗಾಳಿರಾಯರು ಗಂಟಲು ಸರಿಮಾಡಿಕೊಂಡರು.

"ಇನ್ನೊಂದು ತಗೋಮ್ಮ. ಅವೇನು ರೇಷನ್‌ನಲ್ಲಿ ಕೊಡ್ತಾರಾ?"

ಅವಳು ಇನ್ನೊಂದು ಕೀ ಕೇಳುವ ಸಾಲು ಬರೆದಳು. "ಹೆಸರೇನಿಡ್ಲಿ?"

"ಹೊಸದಕ್ಕೆ ಗಾಳಿ ಅಂತ ಇಡು. ನಮ್ಮನೆ ನಮಗಿರಲಿ," ಎಂದರು ಮಳೆರಾಯರು.

"ಅದು ಹೇಗೆ? ಹುಡುಗಿ ಬರೋದು ನಮ್ಮನೆಗೆ. ಹೆಸರು ನಮಗೆ ಸೇರಬೇಕು ಬೀಗರೇ."

"ಬರೆದೋಳು ನನ್ನ ಮಗಳು ಬೀಗರೇ!"

ಅವಳಿಗೆ ಅಳು ಬರುವಷ್ಟು ಖುಷಿಯಾಯಿತು. ಜಗಳ ಮುಗಿಯುವ ಲಕ್ಷಣವಿರಲಿಲ್ಲ, ಮುಗಿಯಲಿ ಎಂದು ಅವಳಿಗೂ ಅನಿಸಲಿಲ್ಲ. ಎರಡಕ್ಕೂ ನಮ್ಮನೆ ಎಂದೇ ಬರೆದು, ಕೊನೆಗೊಂದೊಂದು ಅಂಕಿ ಸೇರಿಸಿ, ಯಾರದು ಒಂದು ಯಾರದು ಎರಡು ಎಂದು ಇಬ್ಬರೂ ನೋಡುವ ಮುಂಚೆ ಪರದೆ ಬದಲಿಸಿ ಪ್ರೋಗ್ರಾಮ್ ಓಡಿಸಿದಳು.

ಬೀಗರಿಬ್ಬರ ಬೆನ್ನ ಹಿಂದೆ ಮಳೆ ಮೋಡದಿಂದ ಕೆಳಗಿಳಿಯತೊಡಗಿತು, ಗಾಳಿಯ ಕಡೆಗೆ ಸ್ವಲ್ಪ ವಾಲಿಕೊಂಡು.