ಕಸ್ತೂರಕ್ಕನ ರೇಟು

ಅಕ್ಕ ತೀರಿಕೊಂಡ ವರ್ಷ, ಅವಳ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ನೋಡಿಕೊಳ್ಳಲು ಎಷ್ಟು ಖರ್ಚು ಬೀಳುತ್ತದೆ ಎಂದು ನಮ್ಮಪ್ಪ ನನ್ನ ಎದುರಿಗೇ ಕೂತು ಲೆಕ್ಕ ಹಾಕಿದ. ಎಂಬತ್ಮೂರನೇ ಇಸವಿ, ಏಪ್ರಿಲ್ ತಿಂಗಳು, ಚನ್ನಗಿರಿಯಲ್ಲಿ ಭಾವನ ಮನೆಯ ಪಡಸಾಲೆ. ಅಪ್ಪನ ಹೆಸರು ಬಸವರಾಜಪ್ಪ, ಹೊನ್ನಾಳಿಯಲ್ಲಿ ಜವಳಿ ಅಂಗಡಿ. ಅವನ ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು ಇರುತ್ತಿತ್ತು. ಅಕ್ಕನನ್ನು ಮಣ್ಣು ಮಾಡಿದ ದಿನವೂ ಇತ್ತು, ನಾನು ನೋಡಿದ್ದೇನೆ.

ಭಾವ ಮಲ್ಲಿಕಾರ್ಜುನಪ್ಪನವರು ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಎಂಟಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಸ್ಕೂಲು ಇರುವ ತನಕ ಹೆಂಗೋ ನಡೆದಿತ್ತು. ದೊಡ್ಡವಳು ವಿಮಲಾ, ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಸಣ್ಣವನು ಹಾಲೇಶನಿಗೆ ನಾಲ್ಕು ತುಂಬಿತ್ತು, ಬಾಲವಾಡಿಗೆ ಹೋಗುತ್ತಿದ್ದ. ಈಗ ಎರಡಕ್ಕೂ ಬೀಗ. ಎರಡು ತಿಂಗಳು ಇಡೀ ದಿನ ಮಕ್ಕಳು ಎಲ್ಲಿರಬೇಕು ಅನ್ನುವುದೇ ಪ್ರಶ್ನೆ.

"ಪಕ್ಕದ ಮನೆ ಕಸ್ತೂರಮ್ಮ ಏನಂತಾಳೆ?" ಎಂದು ಅಪ್ಪ ಕೇಳಿದ.

"ತಿಂಗಳಿಗೆ ನಲವತ್ತು ರೂಪಾಯಿ ಅಂತಾರೆ. ಮಕ್ಕಳ ಊಟ ನಮ್ದು, ಅವರ ಮಧ್ಯಾಹ್ನದ ಊಟಾನೂ ನಮ್ದೇ," ಎಂದರು ಭಾವ.

ಅಪ್ಪ ಯಾರದೋ ಮದುವೆ ಕಾಗದದ ಹಿಂದೆ ಬರೆದುಕೊಂಡ. ಎರಡು ತಿಂಗಳಿಗೆ ಎಂಬತ್ತು, ಊಟ ಗೀಟ ಸೇರಿ ನೂರರ ಮೇಲೆ. ಭಾವನ ಸಂಬಳ ಮುನ್ನೂರು ಚಿಲ್ಲರೆ. ಅಕ್ಕನ ಔಷಧಿಗೆ ಮಂಡಿ ಸಾಹುಕಾರರ ಹತ್ತಿರ ತಂದ ಸಾಲ ಇನ್ನೂ ಕಟ್ ಆಗುತ್ತಿತ್ತು. ಅಪ್ಪ ಬರೆದದ್ದರ ಮೇಲೆ ಒಂದು ಗೀಟು ಎಳೆದ.

"ಮನೆಯಾಗೆ ಹುಡುಗಿ ಇಟ್ಕಂಡು ಪರರಿಗ್ಯಾಕೆ ದುಡ್ಡು ಕೊಡಾದು? ನಮ್ಮ ರುದ್ರಾಣಿ ಇರ್ತಾಳೆ ಬಿಡ್ರಿ, ರಜ ಮುಗಿಯೋ ತನಕ."

ರುದ್ರಾಣಿ ಎಂದರೆ ನಾನೇ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹತ್ತೊಂಬತ್ತು ವರ್ಷ, ದಾವಣಗೆರೆಯಲ್ಲಿ ಟೀಚರ್ ಟ್ರೈನಿಂಗಿನ ಮೊದಲ ವರ್ಷದ ಪರೀಕ್ಷೆ ಬರೆದು ಹಿಂದಿನ ದಿನ ತಾನೇ ಹೊನ್ನಾಳಿಗೆ ಬಂದಿದ್ದೆ. ಮಗಳ ಮನೆಗೆ ಹೋಗಿಬರೋಣ ಎಂದು ಅಪ್ಪ ಬಸ್ಸು ಹತ್ತಿಸಿದಾಗ ಟ್ರಂಕನ್ನೂ ಯಾಕೆ ತೆಗೆದುಕೊಳ್ಳುತ್ತಿದ್ದಾನೆ ಎಂದು ನಾನು ಕೇಳಿರಲಿಲ್ಲ. ಇರುತ್ತೀಯಾ ಎಂದು ಅವನೂ ಕೇಳಲಿಲ್ಲ. ಕೇಳಿದ್ದರೆ ಇರುತ್ತೇನೆ ಎನ್ನುತ್ತಿದ್ದೆ. ಅಕ್ಕನ ಮಕ್ಕಳು, ದಾವಣಗೆರೆಯಿಂದ ನಡೆದುಕೊಂಡಾದರೂ ಬರುತ್ತಿದ್ದೆ. ನಮ್ಮವ್ವ ಸತ್ತಾಗ ನನಗೆ ಎರಡು ವರ್ಷವಂತೆ. ಅಕ್ಕ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ಋಣ ನನಗೆ ಗೊತ್ತಿತ್ತು. ಆದರೆ ಗೀಟು ಎಳೆದು ನನ್ನನ್ನು ಅಲ್ಲಿ ಇಟ್ಟದ್ದು ಮಾತ್ರ ಮರೆಯಲಿಲ್ಲ. ಕಸ್ತೂರಮ್ಮನಿಗೆ ನಲವತ್ತು, ನನಗೆ ಸೊನ್ನೆ.

ನಿಜ ಹೇಳಬೇಕೆಂದರೆ ಆಗ ನನಗೆ ಯಾವುದೂ ಸರಿಯಾಗಿ ತಾಗುತ್ತಲೇ ಇರಲಿಲ್ಲ. ಸಂಕ್ರಾಂತಿ ಕಳೆದು ವಾರಕ್ಕೆ ಕಾಮಾಲೆಯಲ್ಲಿ ಅಕ್ಕ ಹೋದಳು. ಎಲ್ಲರೂ ಅತ್ತರು, ನಾನು ಅಳಲಿಲ್ಲ. ಮಾರನೆಯ ವಾರ ಹಾಸ್ಟೆಲಿಗೆ ಹೋಗಿ ಪಾಠದ ಚಾರ್ಟ್ ಬರೆದೆ, ಅದಕ್ಕೆ ಮೇಡಂ ಗುಡ್ ಹಾಕಿದರು. ಎಲ್ಲ ದೂರದಲ್ಲಿ, ಬೇರೆ ಯಾರಿಗೋ ಆದಂತೆ ಆಗುತ್ತಿತ್ತು.

ಅಕ್ಕನ ಅಡಿಗೆಮನೆಯಲ್ಲೂ ಹಾಗೇ. ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದೆ. ಕೈ ಸುಟ್ಟಿದೆ ಎಂದು ಗೊತ್ತಾದದ್ದು ಸಂಜೆ ಬೊಬ್ಬೆ ಎದ್ದ ಮೇಲೆ. ಬೆಳಿಗ್ಗೆ ರೊಟ್ಟಿ, ಮಕ್ಕಳಿಗೆ ಸ್ನಾನ, ಬಟ್ಟೆ, ಬಾವಿಕಟ್ಟೆಯ ಕಡೆ ಹೋಗದಂತೆ ಹಾಲೇಶನ ಹಿಂದೆ ಓಡುವುದು, ಮಧ್ಯಾಹ್ನ ಅವನನ್ನು ಮಲಗಿಸುವುದು. ಹಾಲೇಶ ಅವ್ವನನ್ನು ಕೇಳುತ್ತಿರಲಿಲ್ಲ. ಅವಳು ಉಣ್ಣುತ್ತಿದ್ದ ಅಂಚು ಮುರಿದ ತಟ್ಟೆಯಲ್ಲೇ ಮಜ್ಜಿಗೆ ಅನ್ನ ಕಲಸಿಕೊಡಬೇಕು, ಅಷ್ಟೇ. ಕೇಳುತ್ತಿದ್ದವಳು ವಿಮಲಾ. ಕೇಳುತ್ತಿದ್ದದ್ದೇನು, ಹುಕುಂ ಮಾಡುತ್ತಿದ್ದಳು.

"ಅವ್ವ ಬದನೆಕಾಯಿ ಹಿಂಗೆ ಹೆಚ್ಚುತಿರಲಿಲ್ಲ."

"ಅವ್ವ ಜಡೆ ಬಿಗಿಯಾಗಿ ಹಾಕ್ತಿದ್ಲು. ನೀನು ಹಾಕಿದ್ದು ಮಧ್ಯಾಹ್ನಕ್ಕೇ ಬಿಚ್ಚೋಗುತ್ತೆ."

"ನಿಮ್ಮವ್ವನ ತಂಗಿ ಕಣೇ ನಾನು, ನಿಮ್ಮವ್ವ ಅಲ್ಲ," ಎಂದು ಒಂದು ದಿನ ರೇಗಿದೆ. ಅವಳು ಮುಖ ತಿರುಗಿಸಿ ತಾನೇ ಜಡೆ ಬಿಚ್ಚಿ ಹಾಕಿಕೊಂಡಳು, ಸೊಟ್ಟಗೆ. ಮೇ ತಿಂಗಳು ಬರುವ ಹೊತ್ತಿಗೆ ಅವಳು ತಪ್ಪು ಹೇಳುವುದು ನಿಂತಿತು. ನಾನು ಹೇಗೆ ಹೆಚ್ಚಿದರೂ ಉಣ್ಣುತ್ತಿದ್ದಳು. ರಾತ್ರಿ ನನ್ನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದಳು. ನನಗೆ ಅದು ಗೊತ್ತಾಗುತ್ತಿತ್ತು, ಆದರೆ ಅದೂ ದೂರದಲ್ಲೇ ಇತ್ತು.

ಭಾವನವರು ನನ್ನ ಎದುರು ಕೂತು ಮಾತಾಡಿದವರಲ್ಲ. "ಹಾಲೇಶ, ಚಿಕ್ಕಮ್ಮಗೆ ಹೇಳು, ಇವತ್ತು ಲಾರಿ ಲೋಡ್ ಐತೆ, ಲೇಟಾಗುತ್ತೆ," ಎನ್ನುವರು, ನಾನು ಎರಡು ಮಾರು ದೂರದಲ್ಲಿದ್ದರೂ. ಬಡಿಸಿದ್ದನ್ನು ಉಂಡು ಏಳುವರು. ಕೈ ತೊಳೆಯಲು ಹಿತ್ತಲಿಗೆ ಹೋದವರು ಚೊಂಬು ಖಾಲಿಯಾದರೂ ಅಲ್ಲೇ ನಿಂತಿರುವರು. ಅವರಿಗೂ ನನ್ನ ಹಾಗೆಯೇ ಆಗಿದೆ ಅನ್ನಿಸುತ್ತಿತ್ತು. ಆದರೆ ಅದನ್ನು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಊರಿಗೆ ಮಾತ್ರ ಮಾತಾಡಲು ಏನೂ ಅಡ್ಡಿಯಿರಲಿಲ್ಲ. ಕಿರಾಣಿ ಅಂಗಡಿಯ ಓಬಣ್ಣ ಮೊದಲ ವಾರ "ಹೊನ್ನಾಳಿ ಹುಡುಗಿ" ಎನ್ನುತ್ತಿದ್ದವನು, ಆಮೇಲೆ "ಮಲ್ಲಿಕಾರ್ಜುನಪ್ಪರ ಮನೆಯವ್ರಿಗೆ ಮೊದಲು ಕೊಡ್ರಲೇ" ಎಂದು ಆಳುಗಳಿಗೆ ಕೂಗಿದ. ಕಸ್ತೂರಕ್ಕ ಬೇಲಿಯ ಆಚೆ ನಿಂತು ನಗುತ್ತಾ, "ಏನವ್ವ ತಂಗಿ, ನನ್ನ ನಲವತ್ತು ರೂಪಾಯಿ ತಪ್ಪಿಸಿದೆಯಲ್ಲ. ಇನ್ನೇನು, ಕಾಯಂ ಆಗಿಬಿಡು," ಎಂದಳು. ಒಳ್ಳೆಯ ಹೆಂಗಸು, ಕೆಟ್ಟದ್ದಕ್ಕೆ ಅಂದದ್ದಲ್ಲ. ನಾನು ನಕ್ಕೆ ಅಂತ ಕಾಣುತ್ತದೆ.

ಮೇ ಕೊನೆಯ ಶನಿವಾರ ಅಪ್ಪ ಬಂದ. ಕಂಕುಳಲ್ಲಿ ಅಂಗಡಿಯ ಪೊಟ್ಟಣ. ಭಾವ ಮಂಡಿಯಲ್ಲಿದ್ದರು. ನಾನು ಒಲೆಯ ಮುಂದಿದ್ದೆ. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅಪ್ಪ ವಿಷಯ ಎತ್ತಿದ.

"ನೋಡವ್ವ, ಈ ರಜವೇನೋ ಕಳೀತು. ದಸರಾ ರಜ ಬರುತ್ತೆ, ಮುಂದಿನ ಬೇಸಿಗೆ ಬರುತ್ತೆ. ವರ್ಷಾವರ್ಷ ಈ ಮಕ್ಕಳಿಗೆ ಜನ ಎಲ್ಲಿಂದ ತರಾದು? ಭಾವನೋರೂ ಕೇಳಿದಾರೆ. ಶ್ರಾವಣದಾಗೆ ನಾಲ್ಕು ಜನರ ಮುಂದೆ ಮುಗಿಸಿಬಿಡಾನ. ನಿನ್ನ ಹಾಸ್ಟೆಲ್ ಫೀಸೂ ಉಳಿತೈತೆ."

ನಾನು ಸಾರು ಕದಡುತ್ತಿದ್ದೆ. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಸುಮ್ಮನಿದ್ದೆ. ನಮ್ಮ ಮನೆಗಳಲ್ಲಿ ಮದುವೆ ಮಾತಿಗೆ ಹುಡುಗಿ ಸುಮ್ಮನಿದ್ದರೆ ಒಪ್ಪಿದಳು ಎಂದೇ ಲೆಕ್ಕ. ಹೂಂ ಎಂದು ಬಾಯಿಬಿಟ್ಟು ಹೇಳಿದರೆ ನಾಚಿಕೆಗೆಟ್ಟವಳು. ಅಪ್ಪನಿಗೆ ಸಮಾಧಾನವಾಯಿತು. ಪೊಟ್ಟಣ ಬಿಚ್ಚಿ ಸೀರೆ ತೋರಿಸಿದ. ಹಳದಿಗೆ ಹಸಿರು ಅಂಚು. ಎರಡು ವರ್ಷದಿಂದ ಅಂಗಡಿಯಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದ ಸೀರೆ ಅದು, ನಾನೇ ಎಷ್ಟೋ ಸಲ ಮಡಿಸಿ ಇಟ್ಟಿದ್ದೆ.

"ಬಂಗಾರದ ಚಿಂತೆ ಇಲ್ಲ," ಎಂದ ಅಪ್ಪ. "ಅಕ್ಕನ ತಾಳಿ ಐತಲ್ಲ. ಕಾಲುಂಗುರಾನೂ ಐತೆ. ಹೊಸದು ಮಾಡಿಸಾಕೆ ಯಾಕೆ ಹೋಗಾದು?"

ಸೌಟು ಕೈಯಲ್ಲೇ ನಿಂತಿತು. ಅಕ್ಕನ ಕಾಲುಂಗುರ. ಮಣ್ಣು ಮಾಡುವ ಮೊದಲು ಅವಳ ಕಾಲಿನಿಂದ ಅದನ್ನು ಬಿಡಿಸಿದವಳು ನಾನು. ಬಾತಿದ್ದ ಬೆರಳು, ಸೋಪು ಹಚ್ಚಿ ಬಿಡಿಸಿದ್ದೆ. ಅಕ್ಕ ಸತ್ತ ಮೇಲೆ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಬೊಬ್ಬೆ ಎದ್ದು ಎಂದೋ ಒಣಗಿದ್ದ ಅಂಗೈ ಕೂಡ ಆಗಲೇ ಉರಿಯಿತು.

ಭಾನುವಾರ ಮಧ್ಯಾಹ್ನ ಅಪ್ಪ, ಭಾವ ಇಬ್ಬರೂ ಊಟಕ್ಕೆ ಕೂತಿದ್ದರು. ಹಾಲೇಶ ಅಜ್ಜನ ಮಗ್ಗುಲಲ್ಲಿ. ಎರಡನೇ ಸಲ ಅನ್ನ ಬಡಿಸಿ, ನಾನು ಭಾವನ ಎದುರಿಗೆ ನಿಂತುಕೊಂಡೆ. ಅಷ್ಟು ದಿನಗಳಲ್ಲಿ ಮೊದಲ ಸಲ ಅವರ ಮುಖ ನೋಡಿ ಮಾತಾಡಿದೆ.

"ಭಾವ, ನನ್ನ ಎರಡು ತಿಂಗಳ ಸಂಬಳ ಕೊಡ್ರಿ."

ಅಪ್ಪ ತುತ್ತು ಎತ್ತಿದವನು ಹಾಗೇ ಉಳಿದ.

"ಕಸ್ತೂರಕ್ಕಗೆ ಏನು ಕೊಡ್ತಿದ್ರೋ ಅದೇ ರೇಟು. ಜಾಸ್ತಿ ಬ್ಯಾಡ. ನಾಳೆ ಬಿಟ್ಟು ನಾಡಿದ್ದು ಟ್ರೈನಿಂಗ್ ಶುರುವಾಗುತ್ತೆ, ಫೀಸ್ ಕಟ್ಟಬೇಕು."

"ನಾಚಿಕೆ ಆಗಲ್ವೇನೆ ನಿನಗೆ?" ಎಂದ ಅಪ್ಪ. "ಹೊತ್ತು ಬೆಳೆಸಿದ ಅಕ್ಕನ ಮಕ್ಕಳನ್ನ ನೋಡ್ಕಂಡಿದ್ದಕ್ಕೆ ಕೂಲಿ ಕೇಳ್ತೀಯ?"

"ಕೇಳ್ತೀನಿ."

ನಾನು ಅಲ್ಲಿಂದ ಕದಲಲಿಲ್ಲ. ಮನೆಯವರು ಮನೆಯ ಕೆಲಸಕ್ಕೆ ದುಡ್ಡು ಮುಟ್ಟುವುದಿಲ್ಲ. ಮುಟ್ಟಿದರೆ ಕೆಲಸದವಳು. ಕೆಲಸದವಳಾದರೆ ಕೆಲಸ ಮುಗಿದ ದಿನ ಟ್ರಂಕು ಎತ್ತಿಕೊಂಡು ಹೋಗಬಹುದು, ಯಾರೂ ತಡೆಯುವಂತಿಲ್ಲ. ಆ ಮನೆಯಿಂದ ಹೊರಗೆ ಹೋಗಲು ನನಗೆ ಕಂಡದ್ದು ಅದೊಂದೇ ಬಾಗಿಲು.

ಭಾವ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಒಳಗೆ ಪೆಟ್ಟಿಗೆ ತೆಗೆದ ಸದ್ದಾಯಿತು. ಬಂದು ನನ್ನ ಅಂಗೈಯಲ್ಲಿ ನೋಟುಗಳನ್ನು ಇಟ್ಟರು, ಎಂಬತ್ತು ರೂಪಾಯಿ. ತಟ್ಟೆಯಿಲ್ಲ, ಎಲೆ ಅಡಿಕೆಯಿಲ್ಲ. ಮಂಡಿಯಲ್ಲಿ ಹಮಾಲರಿಗೆ ಹೇಗೆ ಬಟವಾಡೆ ಕೊಡುತ್ತಾರೋ ಹಾಗೆ. ಅವರಿಗೆ ಅರ್ಥವಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

"ಮಾವ, ನಾನು ಯಾವತ್ತೂ ಕೇಳಿರಲಿಲ್ಲ," ಎಂದರು ಅಪ್ಪನಿಗೆ. "ರುದ್ರಾಣಿಗೆ ಆಸೆ ಐತೆ ಅಂತ ನೀವು ಹೇಳಿದ್ರಿ. ಮಕ್ಕಳಿಗೆ ಆಸರೆ ಆಗುತ್ತಲ್ಲ ಅಂತ ಸುಮ್ಮನಿದ್ದೆ."

ಇಬ್ಬರೂ ಸುಮ್ಮನಿದ್ದು ಇಬ್ಬರ ಮದುವೆಯೂ ಆಗಿಹೋಗುತ್ತಿತ್ತು. ಅಪ್ಪ ಅರ್ಧ ಊಟ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಸಂಜೆ ಬಸ್ಸಿಗೆ ಹೊರಟುಹೋದ. ಹಳದಿ ಸೀರೆಯನ್ನು ಮರೆಯದೆ ತೆಗೆದುಕೊಂಡು ಹೋದ. ಆ ಎಂಬತ್ತು ರೂಪಾಯಿ ಫೀಸಿಗೆ ಸಾಲಲಿಲ್ಲ. ಉಳಿದದ್ದಕ್ಕೆ ಕಿವಿಯ ಓಲೆ ಮಾರಿದೆ. ಎರಡನೇ ವರ್ಷ ಮುಗಿಸಿದೆ, ಈಗ ಜಗಳೂರು ಕಡೆ ಸೊಕ್ಕೆಯ ಶಾಲೆಯಲ್ಲಿ ಟೀಚರಾಗಿದ್ದೇನೆ. ಬೇಸಿಗೆ ರಜೆ ಬಿಡುವ ದಿನ ಮಕ್ಕಳು ಹೋ ಎಂದು ಗೇಟಿನ ಕಡೆ ಓಡುವಾಗ, ಯಾವ ಹುಡುಗಿ ಓಡದೆ ನಿಂತಿದ್ದಾಳೆ ಎಂದು ನನ್ನ ಕಣ್ಣು ಹುಡುಕುತ್ತದೆ. ಅಂದು ನಾನು ಮಾಡಿದ್ದು ಸರಿ. ಇವತ್ತು ಅಪ್ಪ ಬಂದು ಕೂತರೂ ಮತ್ತೆ ಅದನ್ನೇ ಕೇಳುತ್ತೇನೆ. ಆದರೆ ನಾನು ಸಂಬಳ ಕೇಳಿದಾಗ ಮಜ್ಜಿಗೆ ಗಡಿಗೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ವಿಮಲಾ ನಿಂತಿದ್ದಳು.

ಅವಳು ಆ ರಾತ್ರಿ ನನ್ನ ಸೆರಗು ಹಿಡಿಯಲಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಜಡೆ ತಾನೇ ಹಾಕಿಕೊಂಡಿದ್ದಳು.

ಬಸ್‌ಸ್ಟ್ಯಾಂಡಿಗೆ ಭಾವ ಟ್ರಂಕು ಹೊತ್ತು ಬಂದರು. ಹಿಂದೆ ವಿಮಲಾ, ಸೊಂಟದ ಮೇಲೆ ಹಾಲೇಶ. ಭಾವ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಲು ಹೋದರು. ನಾನು ಕಿಟಕಿಯ ಪಕ್ಕ ಕೂತು ಕೈ ಚಾಚಿದೆ. ಹಾಲೇಶ ನನ್ನ ಬೆರಳು ಹಿಡಿದುಕೊಂಡ. ಅವಳು ಹಿಡಿಯಲಿಲ್ಲ.

"ಚಿಕ್ಕಮ್ಮ, ನೀನು ದುಡ್ಡಿಗೆ ಇದ್ದೆಯಾ?"

ಹತ್ತೊಂಬತ್ತು ವರ್ಷಕ್ಕೆ ನನಗೆ ತಿಳಿದದ್ದನ್ನು ಒಂಬತ್ತು ವರ್ಷದವಳಿಗೆ ಬಸ್ಸಿನ ಕಿಟಕಿಯಿಂದ ಹೇಗೆ ಹೇಳುವುದು? ಇಲ್ಲ ಎಂದುಬಿಟ್ಟಿದ್ದರೆ ಕೆಳಗಿಳಿದು, ಅವಳ ಕೈ ಹಿಡಿದು, ವಾಪಸು ಆ ಮನೆಗೇ ಹೋಗುತ್ತಿದ್ದೆ. ಅದು ನನಗೆ ಗೊತ್ತಿತ್ತು.

"ಹೂಂ," ಎಂದೆ.

ಅವಳು ತಲೆಯಾಡಿಸಿದಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ನನಗೆ ತಿಂಗಳುಗಟ್ಟಲೆ ಇದ್ದ ಮುಖವೇ ಅವಳಿಗೆ ಬಂದಿತ್ತು.

"ಹಂಗಾದ್ರೆ ದಸರಾ ರಜಕ್ಕೆ ನೀನು ಬರಾದು ಬ್ಯಾಡ. ಅಪ್ಪಗೆ ಹೇಳಿದೀನಿ, ಕಸ್ತೂರಮ್ಮನೂ ಬ್ಯಾಡ. ಇವನ್ನ ನಾನೇ ನೋಡ್ಕಂತೀನಿ. ನನಗೆ ದುಡ್ಡು ಕೊಡಾದು ಬೇಕಾಗಿಲ್ಲ."

ಹಾಲೇಶ ಅವಳ ಸೊಂಟದಿಂದ ಜಾರುತ್ತಿದ್ದ. ಒಮ್ಮೆ ಕುಲುಕಿ ಮೇಲಕ್ಕೆತ್ತಿಕೊಂಡಳು, ಸಲೀಸಾಗಿ. ಅದನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಬಸ್ಸು ಊರು ದಾಟಿತು. ಆಗ ನನಗೆ ಅಳು ಬಂತು. ಸಂಕ್ರಾಂತಿಯಿಂದ ಬಾರದೆ ಇದ್ದದ್ದೆಲ್ಲ ಬಂತು. ಪಕ್ಕದಲ್ಲಿ ಕೂತಿದ್ದ ಮುದುಕಿ ಗಂಡನ ಮನೆಗೆ ಹೊರಟಿದ್ದೀಯೇನವ್ವ ಎಂದು ಕೇಳಿದಳು. ಕಂಡಕ್ಟರ್ ಎರಡು ಸಲ ಎಲ್ಲಿಗೆ ಎಂದ. ನಾನು ಸೆರಗಿನ ಗಂಟು ಬಿಚ್ಚಿ ಆ ದುಡ್ಡಿನಲ್ಲೇ ಟಿಕೆಟ್ ತೆಗೆದುಕೊಂಡೆ.